ನಾಚಿಕೆಯ ಮರೆಯಲ್ಲೊಂದು ವ್ಯಾಧಿ

ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ನಕ್ಕಾಗ, ತುಂಬಿದ ಕೊಡವನ್ನು ಸೊಂಟಕ್ಕೇರಿಸುವಾಗ ಹಿಡಿತಕ್ಕೆ ಸಿಗದೆ ನಾಲ್ಕು ಹನಿ ಮೂತ್ರ ಜಾರಿಹೋಗುವ ತೊಂದರೆಯೊಂದುಂಟು. ಇದನ್ನು ಅನುಭವಿಸುವ ಹೆಂಗಸರು ಬಹಳ. ಬಾಯಿಬಿಟ್ಟು ಹೇಳಿಕೊಳ್ಳುವವರು ಕಡಿಮೆ. ಹೆತ್ತವಳಿಗೆ ಇದು ಇದ್ದದ್ದೇ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ; ವಯಸ್ಸಾಯಿತಲ್ಲ ಎಂದು ಆಕೆಯೂ ಸುಮ್ಮನಾಗುತ್ತಾಳೆ. ಆಮೇಲೆ ಮದುವೆಮನೆಗೆ ಹೋಗುವುದು ನಿಲ್ಲುತ್ತದೆ, ದೂರದ ಬಸ್ ಪ್ರಯಾಣ ನಿಲ್ಲುತ್ತದೆ, ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಪ್ರಾಣಕ್ಕೆ ಎರವಾಗದ ಈ ವ್ಯಾಧಿ ಬದುಕನ್ನು ಮಾತ್ರ ಗೇಣುಗೇಣಾಗಿ ಕುಗ್ಗಿಸುತ್ತದೆ. ಆದಕಾರಣ ಸಂಕೋಚವನ್ನು ಬದಿಗಿಟ್ಟು ಇದರ ವಿಷಯವಾಗಿ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಾನು ತಿಳಿದಿದ್ದೇನೆ.

ವೈದ್ಯರು ಇದನ್ನು ಒತ್ತಡದ ಮೂತ್ರಸ್ರಾವ ಎನ್ನುತ್ತಾರೆ. ಇಲ್ಲಿ ಒತ್ತಡವೆಂದರೆ ಮನಸ್ಸಿನ ಕಳವಳವಲ್ಲ, ಹೊಟ್ಟೆಯೊಳಗಿನ ಒತ್ತಡ. ಮೂತ್ರಕೋಶದಿಂದ ಹೊರಡುವ ನಾಳವು ಕಿಬ್ಬೊಟ್ಟೆಯ ತಳದಲ್ಲಿ ಹರಡಿರುವ ಸ್ನಾಯು ಮತ್ತು ತಂತುಗಳ ಹಾಸಿನ ಮೇಲೆ ಒರಗಿರುತ್ತದೆ. ಕೆಮ್ಮು ಬಂದಾಗ ಮೇಲಿನ ಒತ್ತಡ ನಾಳವನ್ನು ಆ ಹಾಸಿಗೆ ಅದುಮುತ್ತದೆ. ಹಾಸು ಬಿಗಿಯಾಗಿದ್ದರೆ ನಾಳ ಮುಚ್ಚಿಕೊಳ್ಳುತ್ತದೆ. ಹಗ್ಗ ಸಡಿಲವಾದ ಮಂಚದಂತೆ ಹಾಸು ಜೋತುಬಿದ್ದಿದ್ದರೆ ನಾಳವೂ ಕೆಳಕ್ಕೆ ಜಗ್ಗಿ, ಬಾಯಿ ಬಿಡುತ್ತದೆ. ಹೆರಿಗೆ, ಮುಟ್ಟು ನಿಂತ ಮೇಲಿನ ಬದಲಾವಣೆಗಳು, ಸ್ಥೂಲಕಾಯ, ಬಹುದಿನದ ಕೆಮ್ಮು, ಮಲಬದ್ಧತೆ ಇವೆಲ್ಲ ಆ ಹಗ್ಗವನ್ನು ಸಡಿಲಿಸುವಂಥವು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ತರುವಾಯ ಗಂಡಸರಿಗೂ ಈ ತೊಂದರೆ ಬರುವುದುಂಟು.

ಎಲ್ಲ ಸ್ರಾವವೂ ಒಂದೇ ಅಲ್ಲವೆಂಬುದನ್ನು ಮೊದಲು ಅರಿಯಬೇಕು. ತಡೆಯಲಾರದ ಅವಸರ ಹುಟ್ಟಿ, ಬಚ್ಚಲು ತಲಪುವ ಮುನ್ನವೇ ಮೂತ್ರ ಹೋಗುವುದು ಬೇರೆಯ ವ್ಯಾಧಿ. ಅದರ ಚಿಕಿತ್ಸೆಯೂ ಬೇರೆ. ಹಗಲಿರುಳೂ ಒಂದೇ ಸಮನೆ ಒಸರುತ್ತಿದ್ದರೆ, ಉರಿಯಿದ್ದರೆ, ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆಯ ಮೊದಲ ಮೆಟ್ಟಿಲು ಕತ್ತರಿಯೂ ಅಲ್ಲ, ಗುಳಿಗೆಯೂ ಅಲ್ಲ, ವ್ಯಾಯಾಮ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದನ್ನು ಕ್ರಮಬದ್ಧವಾಗಿ ವಿವರಿಸಿದರು. ಅಪಾನವಾಯುವನ್ನೂ ಮೂತ್ರವನ್ನೂ ಏಕಕಾಲಕ್ಕೆ ತಡೆಯುವಂತೆ ಒಳಗಿನ ಸ್ನಾಯುಗಳನ್ನು ಬಿಗಿದು, ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿಯಾಗಿ ಸಡಿಲ ಬಿಡುವುದು, ಇಷ್ಟೇ. ಯೋಗಾಭ್ಯಾಸ ಬಲ್ಲವರಿಗೆ ಮೂಲಬಂಧ ನೆನಪಾದೀತು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳಲೂಬಾರದು. ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, ಬಲ್ಲವರ ಮೇಲ್ವಿಚಾರಣೆಯಲ್ಲಿ ಕನಿಷ್ಠ 3 ತಿಂಗಳು ಎಂಬುದು ಬ್ರಿಟನ್ನಿನ ಮಾರ್ಗಸೂಚಿಯ ಲೆಕ್ಕ. ಕೆಮ್ಮು ಬರುವ ಸೂಚನೆ ಸಿಕ್ಕೊಡನೆ ಬಿಗಿ ಹಿಡಿಯುವುದನ್ನೂ ಕಲಿಯಬೇಕು. ಎರಡು ವಾರ ಮಾಡಿ ಫಲವಿಲ್ಲವೆಂದು ಕೈಬಿಡುವವರು ಬೀಜ ಬಿತ್ತಿದ ಮರುದಿನವೇ ತೆನೆ ಹುಡುಕಿದಂತೆ.

ಇದರ ಜೊತೆಯದು ತೂಕದ ಮಾತು. ಮೂತ್ರಸ್ರಾವವಿದ್ದ 338 ಮಂದಿ ಸ್ಥೂಲಕಾಯದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಸರಾಸರಿ ಶೇಕಡಾ 8ರಷ್ಟು ತೂಕ ಇಳಿಸಿದ ಗುಂಪಿನಲ್ಲಿ ವಾರದ ಸ್ರಾವಗಳ ಸಂಖ್ಯೆ ಶೇಕಡಾ 47ರಷ್ಟು ತಗ್ಗಿತು. ಹೋಲಿಕೆಯ ಗುಂಪಿನಲ್ಲಿ ತಗ್ಗಿದ್ದು ಶೇಕಡಾ 28.

ಇಷ್ಟರಿಂದ ಸಾಲದವರಿಗೆ ನಾಳಕ್ಕೆ ಆಸರೆಯಾಗುವಂತೆ ಯೋನಿಯೊಳಗೆ ಇಡುವ ಪೆಸರಿ ಎಂಬ ಉಂಗುರವಿದೆ. ಡ್ಯುಲೊಕ್ಸೆಟಿನ್ ಎಂಬ ಗುಳಿಗೆಯೂ ಇದೆ; ಆದರೆ ಅದು ತರುವ ಓಕರಿಕೆಯಿಂದಾಗಿ ಬಹುಮಂದಿ ಅದನ್ನು ಬಿಟ್ಟುಬಿಡುತ್ತಾರೆ.

ಕೊನೆಯದು ಶಸ್ತ್ರಚಿಕಿತ್ಸೆ. ಮೂತ್ರಕೋಶದ ಕುತ್ತಿಗೆಯನ್ನು ಹೊಲಿಗೆಗಳಿಂದ ಮೇಲೆತ್ತಿ ನಿಲ್ಲಿಸುವ ಕ್ರಮವನ್ನು 1961ರಲ್ಲಿ ಜಾನ್ ಬರ್ಚ್ ಪ್ರಕಟಿಸಿದರು. ರೋಗಿಯ ಹೊಟ್ಟೆಯ ಗಟ್ಟಿಪೊರೆಯಿಂದಲೇ ಪಟ್ಟಿಯೊಂದನ್ನು ತೆಗೆದು ನಾಳಕ್ಕೆ ಜೋಲಿಯಂತೆ ಕಟ್ಟುವುದು ಇನ್ನೊಂದು ಕ್ರಮ. ನಾಳದ ಗೋಡೆಗೆ ಚುಚ್ಚುಮದ್ದಿನಿಂದ ದಪ್ಪ ಕೊಡುವುದು ಹಗುರವಾದ ಉಪಾಯ. ಅದರ ಫಲ ಬಹುಕಾಲ ಬಾಳದೆ ಮತ್ತೆ ಚುಚ್ಚಬೇಕಾಗಬಹುದು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಪ್ಲಾಸ್ಟಿಕ್ ಜಾಲರಿಯ ಪಟ್ಟಿಯನ್ನು ಬಳಕೆಗೆ ತಂದರು. ಸಣ್ಣ ಗಾಯ, ಬೇಗ ಚೇತರಿಕೆ; ಅದು ಲೋಕವ್ಯಾಪಿಯಾಯಿತು. ಹಲವರಿಗೆ ಸುಖವನ್ನೂ ಕೊಟ್ಟಿತು. ಆದರೆ ಕೆಲವರಲ್ಲಿ ಜಾಲರಿ ಅಂಗಾಂಶವನ್ನು ಕೊರೆದು ಹೊರಬಂದು, ತೀರದ ನೋವು ಉಳಿಯಿತು. ಮೈಗೂಡಿದ ಜಾಲರಿಯನ್ನು ಮರಳಿ ತೆಗೆಯುವುದು ಸುಲಭವಲ್ಲ. ನೊಂದ ಹೆಂಗಸರು ದನಿಯೆತ್ತಿದ ಮೇಲೆ 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಇದರ ಬಳಕೆಯನ್ನು ತಡೆಹಿಡಿದರು. ಆ ಹೆಂಗಸರ ಮಾತಿಗೆ ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲವೆಂದು 2020ರ ವಿಚಾರಣಾ ವರದಿ ಹೇಳಿತು.

ಜಾಲರಿ ಕೆಟ್ಟದ್ದು, ಹೊಲಿಗೆ ಒಳ್ಳೆಯದು ಎಂದು ತೀರ್ಪು ಕೊಡುವುದಕ್ಕೆ ನಾನು ಈ ಮಾತನ್ನು ಎತ್ತಲಿಲ್ಲ. ಪ್ರತಿಯೊಂದು ಕ್ರಮಕ್ಕೂ ಅದರದೇ ಆದ ಲಾಭವುಂಟು, ಬೆಲೆಯುಂಟು. ಅವಸರ ಮಾಡಬೇಕಾದ ವ್ಯಾಧಿಯಲ್ಲ ಇದು. ಇನ್ನೂ ಮಕ್ಕಳನ್ನು ಬಯಸುವವರಂತೂ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುವುದು ಲೇಸು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ವ್ಯಾಯಾಮವನ್ನು ಸರಿಯಾಗಿ ಪರೀಕ್ಷಿಸಿ ನೋಡಿದ್ದಾಯಿತೆ? ನನ್ನ ಮೈಯೊಳಗೆ ಏನನ್ನು ಇಡುತ್ತೀರಿ? ತೊಂದರೆಯಾದರೆ ಅದನ್ನು ತೆಗೆಯಬಲ್ಲವರು ಯಾರು? ಹೀಗೆ ಕೇಳುವುದು ಉದ್ಧಟತನವಲ್ಲ. ಕೇಳುವ ಹೆಣ್ಣಿಗೆ ಉತ್ತರ ಕೊಡುವುದು ವೈದ್ಯನ ಧರ್ಮ. ಕೇಳುವ ಧೈರ್ಯವನ್ನು ಆಕೆಗೆ ಕೊಡುವುದು ಮನೆಯವರ ಧರ್ಮ.