ನೂರು ವ್ಯಾಟ್, ಇಪ್ಪತ್ತು ಮೀಟರ್ ತಂತಿ: ಫ್ಲ್ಯಾಟ್‌ನಿಂದ ಹ್ಯಾಮ್ ರೇಡಿಯೋ ಕಾಂಟೆಸ್ಟ್

ಹ್ಯಾಮ್ ರೇಡಿಯೋ ಪರೀಕ್ಷೆ, ಲೈಸನ್ಸ್, ಕಾಲ್‌ಸೈನ್ ಬಗ್ಗೆ ಹಿಂದೆ ಮಾತಾಡಿದ್ವಿ. ಆಮೇಲೆ ಹೆಚ್ಚಾಗಿ ಬಂದ ಪ್ರಶ್ನೆ ಇದು: "ನಾವಿರೋದು ಅಪಾರ್ಟ್‌ಮೆಂಟಲ್ಲಿ. ಟವರ್ ಇಲ್ಲ, ಜಾಗ ಇಲ್ಲ. ದೊಡ್ಡ ದೊಡ್ಡ ಸ್ಟೇಷನ್‌ಗಳ ಮಧ್ಯೆ ಕಾಂಟೆಸ್ಟ್ ಆಡೋದ್ರಲ್ಲಿ ಅರ್ಥ ಇದೆಯಾ?" ಇದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸ್ತೀನಿ.

ಆಟ ಏನು?

ಸಿಕ್ಯೂ ವರ್ಲ್ಡ್ ವೈಡ್ ಡಿಎಕ್ಸ್ ಕಾಂಟೆಸ್ಟನ್ನೇ ತಗೊಳ್ಳೋಣ. ಮಾತಿನ ಸ್ಪರ್ಧೆ ಅಕ್ಟೋಬರ್ ತಿಂಗಳ ಕೊನೆಯ ಪೂರ್ತಿ ಶನಿವಾರ-ಭಾನುವಾರ, ಮೋರ್ಸ್ ಸ್ಪರ್ಧೆ ನವೆಂಬರ್ ಕೊನೆಯದು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ 5.30ಕ್ಕೆ ಶುರು, ಸೋಮವಾರ ಬೆಳಗ್ಗೆ 5.30ಕ್ಕೆ ಮುಕ್ತಾಯ. ಒಟ್ಟು 48 ಗಂಟೆ.

ಸ್ಪರ್ಧೆಗಾಗಿ ಪ್ರಪಂಚವನ್ನು 40 ವಲಯಗಳಾಗಿ ಹಂಚಿದ್ದಾರೆ. ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ಹುಬ್ಬಳ್ಳಿಯಲ್ಲಿರಿ, ನಮ್ಮದು 22. ಇನ್ನೊಂದು ಸ್ಟೇಷನ್ ಸಿಕ್ಕಾಗ ಕಾಲ್‌ಸೈನ್ ಹೇಳಿ "ಫೈವ್ ನೈನ್ ಟ್ವೆಂಟಿ ಟೂ" ಅಂದರೆ ಮುಗೀತು. ಅವರೂ ತಮ್ಮ ವಲಯ ಹೇಳ್ತಾರೆ, ಅದನ್ನ ಲಾಗ್‌ನಲ್ಲಿ ಬರ್ಕೋಬೇಕು. ಫೈವ್ ನೈನ್ ಅಂದ್ರೆ ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿದೆ ಅಂತ. ಕಷ್ಟಪಟ್ಟು ಕೇಳಿಸಿದರೂ ಎಲ್ಲರೂ ಅದನ್ನೇ ಹೇಳ್ತಾರೆ. ಮದುವೆ ಮನೆಯಲ್ಲಿ "ಊಟ ಚೆನ್ನಾಗಿತ್ತು" ಅನ್ನೋ ಹಾಗೆ.

ಅಂಕ ಬರೋದು ಎಲ್ಲಿಂದ?

ಬೇರೆ ಖಂಡದ ಸ್ಟೇಷನ್‌ಗೆ 3 ಅಂಕ. ನಾವು ಏಷ್ಯಾದವರು, ಹಾಗಾಗಿ ಏಷ್ಯಾದ ಬೇರೆ ದೇಶಕ್ಕೆ 1. ನಮ್ಮದೇ ದೇಶಕ್ಕೆ ಸೊನ್ನೆ. ಈ ಮೊತ್ತವನ್ನು ಸಿಕ್ಕಿದ ದೇಶಗಳು ಮತ್ತು ವಲಯಗಳ ಸಂಖ್ಯೆಯಿಂದ ಗುಣಿಸ್ತಾರೆ. ಪ್ರತಿ ಬ್ಯಾಂಡ್‌ನಲ್ಲೂ ದೇಶ, ವಲಯ ಹೊಸದಾಗಿ ಎಣಿಕೆಗೆ ಬರತ್ತೆ.

ಈಗ ಲೆಕ್ಕ ನೋಡಿ. ಒಬ್ಬರು 15 ಮೀಟರ್ ಬ್ಯಾಂಡ್‌ನಲ್ಲಿ ಕೂತು ಜಪಾನಿನ 200 ಸ್ಟೇಷನ್ ಹಿಡಿದರು. ಅಂಕ 200, ಒಂದು ದೇಶ, ಒಂದು ವಲಯ, ಗುಣಕ 2. ಒಟ್ಟು 400. ಇನ್ನೊಬ್ಬರು ಏಷ್ಯಾದ ಹೊರಗಿನ ಬರೀ 100 ಸ್ಟೇಷನ್ ಹಿಡಿದರು, ಆದರೆ ಅದರಲ್ಲಿ 40 ದೇಶ, 12 ವಲಯ ಬಂತು. 300 ಗುಣಿಸು 52, ಅಂದ್ರೆ 15,600!

ಇನ್ನೂ ಒಂದು ತಮಾಷೆ ಇದೆ. ಆ ಎರಡನೆಯವರು ಭಾರತದ್ದೇ ಒಂದು ಸ್ಟೇಷನ್ ಹಿಡಿದರೆ ಅಂಕ ಸೊನ್ನೆ. ಆದರೆ ಭಾರತ ಒಂದು ದೇಶ, 22 ಒಂದು ವಲಯ; ಗುಣಕ 54 ಆಯ್ತು. ಒಟ್ಟು 16,200. ಸೊನ್ನೆ ಅಂಕದ ಸಂಪರ್ಕ 600 ತಂದುಕೊಟ್ಟಿತು. ಅದರ ಬದಲು ಆಗಲೇ ಸಿಕ್ಕಿದ ದೇಶದ ಇನ್ನೊಂದು ಯುರೋಪ್ ಸ್ಟೇಷನ್ ಹಿಡಿದಿದ್ದರೆ ಬರ್ತಿದ್ದಿದ್ದು 156. ಸಣ್ಣ ಸ್ಟೇಷನ್‌ಗೆ ದಾರಿ ಇರೋದು ಇಲ್ಲೇ. ಒಂದೇ ಕಡೆ ಕೂತು ಕೂಗೋದಕ್ಕಿಂತ, ಬ್ಯಾಂಡ್ ಮೇಲೆ ಕೆಳಗೆ ಓಡಾಡಿ ಹೊಸ ದೇಶ ಹುಡುಕೋದು ಲಾಭ.

ಪವರ್ ಕಥೆ

100 ವ್ಯಾಟ್‌ವರೆಗೆ ಲೋ ಪವರ್ ಅಂತ ಬೇರೆ ವಿಭಾಗವೇ ಇದೆ, 5 ವ್ಯಾಟ್‌ನವರಿಗೆ ಕ್ಯೂಆರ್‌ಪಿ. ಹೈ ಪವರ್ ಮಿತಿ 1500 ವ್ಯಾಟ್; ಆಯಾ ದೇಶದ ಲೈಸನ್ಸ್‌ನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ. 100ಕ್ಕೂ 1500ಕ್ಕೂ ಹದಿನೈದು ಪಟ್ಟು ವ್ಯತ್ಯಾಸ, ನಿಜ. ಡೆಸಿಬೆಲ್‌ನಲ್ಲಿ ಅದು 12 ಕೂಡ ಆಗಲ್ಲ; ಆ ಕಡೆಯವರ ಮೀಟರ್‌ನಲ್ಲಿ ಸುಮಾರು ಎರಡು ಅಂಕಿ ಕೆಳಗೆ ಕಾಣ್ತೀವಿ, ಅಷ್ಟೇ. ಜೊತೆಗೆ ನಮ್ಮ ಕಾಲ್‌ಸೈನ್ ವಿಯು ಅಂತ ಶುರುವಾಗತ್ತೆ. ಯುರೋಪಿನವರಿಗೆ ನಾವೂ ಬೇಕಾದ ಗುಣಕವೇ. ಗುಂಪಲ್ಲಿ ವಿಯು ಅಂತ ಕೇಳಿಸಿದರೆ ನಿಲ್ಲಿಸಿ ಕರೀತಾರೆ.

ತಂತಿ ಮತ್ತು ಗದ್ದಲ

ನನ್ನದು 100 ವ್ಯಾಟ್ ಸೆಟ್, ಟೆರೇಸ್ ಮೇಲೆ 20 ಮೀಟರ್ ಉದ್ದದ ಡೈಪೋಲ್: ಮಧ್ಯದಲ್ಲಿ ಕೋಯಾಕ್ಸ್ ಕೇಬಲ್, ಎರಡೂ ಕಡೆ ಹತ್ತತ್ತು ಮೀಟರ್ ತಂತಿ. ಇದು 7 ಮೆಗಾಹರ್ಟ್ಸ್‌ಗೆ ಅಂದರೆ 40 ಮೀಟರ್ ಬ್ಯಾಂಡ್‌ಗೆ ಸರಿಹೊಂದತ್ತೆ. ಅದರ ಮೂರು ಪಟ್ಟು 21 ಮೆಗಾಹರ್ಟ್ಸ್, ಹಾಗಾಗಿ 15 ಮೀಟರ್ ಬ್ಯಾಂಡ್‌ನಲ್ಲೂ ಸುಮಾರಾಗಿ ಕೆಲಸ ಮಾಡತ್ತೆ. ಒಂದು ತಂತಿ, ಎರಡು ಬ್ಯಾಂಡ್. ಸೊಸೈಟಿ ಕಮಿಟಿಯ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. ಗುಡುಗು ಸಿಡಿಲಿನ ಲಕ್ಷಣ ಕಾಣೋ ಮುಂಚೆಯೇ ಕೇಬಲ್ ಬಿಚ್ಚಿಡಿ.

ಫ್ಲ್ಯಾಟ್‌ನಲ್ಲಿ ಪವರ್‌ಗಿಂತ ದೊಡ್ಡ ಸಮಸ್ಯೆ ಗದ್ದಲ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ರೂಟರ್ ಅಡಾಪ್ಟರ್ ಎಲ್ಲವೂ ರೇಡಿಯೋದಲ್ಲಿ ಗುಂಯ್‌ಗುಡ್ತವೆ. ಅಕ್ಟೋಬರ್ ಅಂದ್ರೆ ದೀಪಾವಳಿ ಆಸುಪಾಸು, ಅಕ್ಕಪಕ್ಕದ ಬಾಲ್ಕನಿಗಳ ಸೀರಿಯಲ್ ಲೈಟೂ ಸೇರ್ಕೊಳ್ಳತ್ತೆ. ಹುಡುಕೋ ವಿಧಾನ ಕೋಡ್ ಡೀಬಗ್ ಮಾಡೋ ಥರಾನೇ: ರೇಡಿಯೋವನ್ನ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಕೇಳಿ. ಆಮೇಲೆ ಒಂದೊಂದೇ ಆನ್ ಮಾಡ್ತಾ ಬನ್ನಿ. ಯಾವುದು ಹಾಕಿದಾಗ ಗದ್ದಲ ಏರತ್ತೋ ಅದೇ ಕಳ್ಳ. ಇದನ್ನ ಸ್ಪರ್ಧೆಗೆ ಒಂದು ವಾರ ಮುಂಚೆ ಮಾಡಿ. ನಮಗೆ ಕೇಳಿಸದ ಸ್ಟೇಷನ್‌ಗೆ ನಾವು ಎಷ್ಟು ಕೂಗಿದರೂ ಉಪಯೋಗ ಇಲ್ಲ.

ಯಾವಾಗ ಎಲ್ಲಿ?

ಬೆಳಗಾದ ಮೇಲೆ 15 ಮೀಟರ್‌ನಲ್ಲಿ ಜಪಾನ್, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆ ಕೇಳಿ. ಮಧ್ಯಾಹ್ನದಿಂದ ಸಂಜೆವರೆಗೆ ಯುರೋಪ್, ಅದೇ ನಮ್ಮ 3 ಅಂಕದ ಮುಖ್ಯ ಫಸಲು. ಸೂರ್ಯ ಮುಳುಗಿದ ಮೇಲೆ 40 ಮೀಟರ್ ದೂರಕ್ಕೆ ತೆರೆದುಕೊಳ್ಳತ್ತೆ. ಬೆಳಗಿನ ಜಾವ ಯುರೋಪಿನಲ್ಲೂ ಇನ್ನೂ ಕತ್ತಲೆ, ಹಾಗಾಗಿ ಆಗ ಒಳ್ಳೆ ಹೊತ್ತು. 48 ಗಂಟೆ ಕೂರಕ್ಕಾಗಲ್ಲ ಅನ್ನೋರಿಗೆ ಕ್ಲಾಸಿಕ್ ಅಂತ ಒಂದು ಉಪವಿಭಾಗ ಇದೆ: ಒಂದೇ ರೇಡಿಯೋ, ಬರೀ 24 ಗಂಟೆ, ಸ್ಟೇಷನ್ ಹುಡುಕಲು ಇಂಟರ್ನೆಟ್ ಸಹಾಯ ಇಲ್ಲ.

ಒಂದು ಅಕ್ಷರದ ಬೆಲೆ

ಮುಗಿದ 5 ದಿನದೊಳಗೆ ಲಾಗ್ ಕಳಿಸಬೇಕು. ಕಂಪ್ಯೂಟರ್ ಎಲ್ಲರ ಲಾಗ್‌ಗಳನ್ನೂ ಒಂದಕ್ಕೊಂದು ತಾಳೆ ನೋಡತ್ತೆ. 3 ಅಂಕದ ಕಾಲ್‌ಸೈನ್‌ನಲ್ಲಿ ಒಂದೇ ಅಕ್ಷರ ತಪ್ಪಿದ್ದರೂ ಆ 3 ಹೋಗತ್ತೆ, ದಂಡ ಇನ್ನೂ 6. ಅದು ಹೊಸ ದೇಶವಾಗಿದ್ದರೆ ಗುಣಕವೂ ಕಡಿಮೆ. ಅನುಮಾನ ಬಂದರೆ "ಅಗೇನ್" ಅಂತ ಇನ್ನೊಮ್ಮೆ ಕೇಳಿ. ಐದು ಸೆಕೆಂಡ್ ಹೋಗತ್ತೆ ಅಷ್ಟೇ.

ಸ್ಪರ್ಧೆ ಮುಗಿದ ಮೇಲೆ ಡೇಟಾಬೇಸ್ ಅಥವಾ ರೆಕಾರ್ಡಿಂಗ್ ನೋಡಿ ಕಾಲ್‌ಸೈನ್ ತಿದ್ದೋ ಹಾಗಿಲ್ಲ. ಮನೆಯಲ್ಲಿ ಒಬ್ಬರೇ ಕೂತಿರ್ತೀವಿ, ಯಾರೂ ನೋಡ್ತಿರಲ್ಲ. 100 ವ್ಯಾಟ್ ಅಂತ ಬರೆದು 300 ಹಾಕಿದರೂ ತಕ್ಷಣ ಯಾರಿಗೂ ಗೊತ್ತಾಗಲ್ಲ. ಈ ಆಟ ನಡೀತಿರೋದೇ ಆ ನಂಬಿಕೆ ಮೇಲೆ. ಕಿವಿಗೆ ಕೇಳಿಸಿದ್ದನ್ನ ಬರೆದು, ಬರೆದದ್ದನ್ನೇ ಕಳಿಸಬೇಕು.

ಮೊದಲ ಸಲ ಆಡೋರು ಗುರಿ ಚಿಕ್ಕದಿಡಿ: 100 ಸಂಪರ್ಕ, 30 ದೇಶ. ಆಮೇಲೆ ಬರೋ ತಾಳೆ ವರದಿಯನ್ನ ಸಾಲು ಸಾಲಾಗಿ ಓದಿ. ಮುಂದಿನ ವರ್ಷ ಯಾವ ಹೊತ್ತಲ್ಲಿ ಯಾವ ಬ್ಯಾಂಡ್‌ನಲ್ಲಿ ಕೂರಬೇಕು ಅನ್ನೋದು ನಿಮ್ಮದೇ ಲಾಗ್‌ನಲ್ಲಿ ಸಿಗತ್ತೆ.