ಬ್ಯಾಕ್‌ಅಪ್ ಮರಳಿಸುವಾಗ ಹಳೆಯದು ಹೊಸದನ್ನು ನುಂಗದಿರಲಿ

ಬೆಂಗಳೂರು: ಕಚೇರಿಯೊಂದರಲ್ಲಿ ಶುಕ್ರವಾರ ಸಂಜೆ ಎಲ್ಲ ಕಡತಗಳ ಬ್ಯಾಕ್‌ಅಪ್ ಆಗಿದೆ ಎಂದುಕೊಳ್ಳಿ. ಮಂಗಳವಾರ ಸಂಜೆ ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಒಂದು ಕಡತ ಅಳಿಸಿಹೋಗುತ್ತದೆ. ಗಾಬರಿಗೊಂಡ ಅವರು ಇಡೀ ಫೋಲ್ಡರನ್ನೇ ಬ್ಯಾಕ್‌ಅಪ್‌ನಿಂದ ಮರಳಿಸಲು ಮುಂದಾಗುತ್ತಾರೆ. ಇದೇ ಹೆಸರಿನ ಕಡತಗಳು ಈಗಾಗಲೇ ಇವೆ, ಏನು ಮಾಡಬೇಕು ಎಂದು ಗಣಕಯಂತ್ರ ಕೇಳಿದಾಗ ಯೋಚಿಸದೆ ‘ರಿಪ್ಲೇಸ್’ ಒತ್ತುತ್ತಾರೆ. ಅಳಿದ ಕಡತವೇನೋ ಮರಳಿತು. ಆದರೆ ಶನಿವಾರದಿಂದ ತಿದ್ದಿದ್ದ ಉಳಿದೆಲ್ಲ ಕಡತಗಳೂ ಶುಕ್ರವಾರದ ಸ್ಥಿತಿಗೆ ಹೋದವು. ಕಳೆದಿದ್ದು ಒಂದೇ ಕಡತ. ಅದನ್ನು ಹುಡುಕಲು ಹೋಗಿ ಕಳೆದುಕೊಂಡಿದ್ದು ಮೂರು ದಿನಗಳ ದುಡಿಮೆ.

ಬ್ಯಾಕ್‌ಅಪ್ ಎಂಬುದು ಒಂದು ನಿರ್ದಿಷ್ಟ ದಿನದ ಛಾಯಾಚಿತ್ರವಿದ್ದಂತೆ. ಆನಂತರ ನಡೆದ ಕೆಲಸದ ಅರಿವು ಅದಕ್ಕಿಲ್ಲ. ವಿಂಡೋಸ್‌ನಲ್ಲಿ ಹೀಗೆ ಬದಲಿಸಲ್ಪಟ್ಟ ಕಡತವು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಇರುವ ಆಯ್ಕೆಗಳು

ಒಂದೇ ಹೆಸರಿನ ಎರಡು ಕಡತಗಳು ಎದುರಾದಾಗ ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ: ಇರುವುದನ್ನು ಅಳಿಸಿ ಹಳೆಯದನ್ನು ಇಡುವುದು, ಇರುವುದನ್ನು ಹಾಗೆಯೇ ಬಿಡುವುದು, ಎರಡನ್ನೂ ಬೇರೆ ಹೆಸರಿನಲ್ಲಿ ಉಳಿಸುವುದು ಹಾಗೂ ದಿನಾಂಕ ನೋಡಿ ಹೊಸದನ್ನು ಮಾತ್ರ ಉಳಿಸುವುದು. ವಿಂಡೋಸ್ ಎಕ್ಸ್‌ಪಿಯ ಬ್ಯಾಕ್‌ಅಪ್ ತಂತ್ರಾಂಶವು ಇರುವ ಕಡತವನ್ನು ಬದಲಿಸದಿರುವ ಆಯ್ಕೆಯನ್ನೇ ಶಿಫಾರಸು ಮಾಡುತ್ತಿತ್ತು. ಆ್ಯಪಲ್‌ನ ಟೈಮ್ ಮಷೀನ್ ಎರಡನ್ನೂ ಉಳಿಸಿಕೊಳ್ಳುವ ಅವಕಾಶ ನೀಡುತ್ತದೆ. ಆದರೆ ಲಿನಕ್ಸ್ ಬಳಕೆದಾರರಿಗೆ ಚಿರಪರಿಚಿತವಾದ ‘ಟಾರ್’ ಆದೇಶವು ಬೇರೆ ಸೂಚನೆ ನೀಡದಿದ್ದಲ್ಲಿ ಏನನ್ನೂ ಕೇಳದೆ ಹಳೆಯದನ್ನು ಮೇಲೆ ಬರೆದುಬಿಡುತ್ತದೆ.

ದಿನಾಂಕವನ್ನೇ ನಂಬಬೇಡಿ

ಹೊಸದು ಉಳಿಯಲಿ ಎಂಬುದು ಮೇಲ್ನೋಟಕ್ಕೆ ಜಾಣ ಆಯ್ಕೆ. ಆದರೆ ಕಡತ ಕೆಟ್ಟಿದ್ದರಿಂದಲೇ ಬ್ಯಾಕ್‌ಅಪ್ ಬೇಕಾಗಿದ್ದರೆ? ರ್‍ಯಾನ್ಸಮ್‌ವೇರ್ ದಾಳಿಯಲ್ಲಿ ಗೂಢಲಿಪಿಗೊಂಡ ಅಥವಾ ತಪ್ಪಾಗಿ ಖಾಲಿ ಮಾಡಿ ಉಳಿಸಿದ ಕಡತದ ದಿನಾಂಕವೇ ಹೊಸದಾಗಿರುವ ಸಾಧ್ಯತೆ ಹೆಚ್ಚು. ಆಗ ಕೆಟ್ಟದ್ದು ಉಳಿದು ಒಳ್ಳೆಯದು ಹೊರಗಾಗುತ್ತದೆ. ಗಣಕದ ಗಡಿಯಾರ ತಪ್ಪಿದ್ದರೂ ಇದೇ ಗತಿ. ಫ್ಯಾಟ್ ವ್ಯವಸ್ಥೆಯ ಪೆನ್‌ಡ್ರೈವ್‌ಗಳು ಕಡತ ತಿದ್ದಿದ ವೇಳೆಯನ್ನು ಎರಡು ಸೆಕೆಂಡುಗಳ ಲೆಕ್ಕದಲ್ಲಿ ದಾಖಲಿಸುವುದರಿಂದ, ಯಾರೂ ಮುಟ್ಟದ ಕಡತವೂ ಬೇರೆಯೆಂದು ತೋರಬಹುದು.

ಸುರಕ್ಷಿತ ಕ್ರಮ

ಮೊದಲು ಈಗಿರುವ ಫೋಲ್ಡರಿನ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಿ. ಅದರಲ್ಲಿ ಕೆಟ್ಟ ಕಡತಗಳಿದ್ದರೂ ಸರಿಯೇ. ಬಳಿಕ ಬ್ಯಾಕ್‌ಅಪ್ಪನ್ನು ಮೂಲ ಜಾಗಕ್ಕೆ ಮರಳಿಸದೆ, ಹೊಸದೊಂದು ಖಾಲಿ ಫೋಲ್ಡರಿಗೆ ಇಳಿಸಿಕೊಳ್ಳಿ. ಎರಡೂ ಕಡೆಯ ಕಡತಗಳ ಗಾತ್ರ, ದಿನಾಂಕಗಳನ್ನು ಹೋಲಿಸಿ, ಅನುಮಾನ ಬಂದವನ್ನು ತೆರೆದು ನೋಡಿ. ಬೇಕಾದವನ್ನು ಮಾತ್ರ ಮೂಲ ಜಾಗಕ್ಕೆ ಸಾಗಿಸಿ. ಬೇಡವೆಂದು ನೀವೇ ಅಳಿಸಿದ್ದ ಕಡತಗಳು ಮತ್ತೆ ತಲೆಯೆತ್ತದಂತೆಯೂ ಇದು ತಡೆಯುತ್ತದೆ. ರ್‍ಯಾನ್ಸಮ್‌ವೇರ್ ಪ್ರಕರಣದಲ್ಲಿ ಮಾತ್ರ, ಗಣಕವನ್ನು ಸಂಪೂರ್ಣ ಶುಚಿಗೊಳಿಸುವವರೆಗೆ ಬ್ಯಾಕ್‌ಅಪ್ ಡಿಸ್ಕನ್ನು ಅದಕ್ಕೆ ಜೋಡಿಸಲೇಬಾರದು.

ಲೆಕ್ಕಪತ್ರ ಹಾಗೂ ದತ್ತಸಂಚಯಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಅಲ್ಲಿ ಹಳೆಯ ಹಾಗೂ ಹೊಸ ನಮೂದುಗಳು ತಾವಾಗಿ ಬೆರೆಯುವುದಿಲ್ಲ. ಬ್ಯಾಕ್‌ಅಪ್ ಮರಳಿಸಿದರೆ ಸಾಮಾನ್ಯವಾಗಿ ಇಡೀ ಸಂಚಯವೇ ಹಿಂದಿನ ದಿನಕ್ಕೆ ಹೋಗುತ್ತದೆ. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ದತ್ತಸಂಚಯ ಕಣ್ತಪ್ಪಿನಿಂದ ಅಳಿಸಿಹೋದಾಗ, ಸುಮಾರು ಆರು ಗಂಟೆ ಹಿಂದಿನ ಪ್ರತಿಯಿಂದ ಅದನ್ನು ಮರಳಿಸಬೇಕಾಯಿತು. ಆ ಆರು ಗಂಟೆಗಳಲ್ಲಿ ಬಳಕೆದಾರರು ಸೇರಿಸಿದ್ದ ಹಲವು ದಾಖಲೆಗಳು ಮರಳಲಿಲ್ಲ. ಆದ್ದರಿಂದ ಇಂಥ ಸಂಚಯವನ್ನು ಮರಳಿಸುವ ಮುನ್ನ, ಬ್ಯಾಕ್‌ಅಪ್‌ನ ನಂತರದ ನಮೂದುಗಳನ್ನು ಸಾಧ್ಯವಿದ್ದರೆ ಮುದ್ರಿಸಿಕೊಂಡು ಬಳಿಕ ಮತ್ತೆ ಸೇರಿಸಬೇಕು.

ಬ್ಯಾಕ್‌ಅಪ್ ಇದೆ ಎಂಬ ಧೈರ್ಯ ಒಳ್ಳೆಯದೇ. ಆದರೆ ‘ರಿಪ್ಲೇಸ್’ ಒತ್ತುವ ಮುನ್ನ, ಅಳಿಯಲಿರುವುದು ಯಾವುದು ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.