ಕಾಫಿ ಹೂವಿಗೆ ತಾರೀಖಿಲ್ಲ, ಸೆಂಟಿನ ಲೆಕ್ಕವಿದೆ

ಫೆಬ್ರುವರಿ ಮುಗಿಯುತ್ತ ಬಂದಂತೆ ಕೊಡಗಿನ ಹೋಂಸ್ಟೇಗಳಿಗೆ ಒಂದೇ ಬಗೆಯ ಕರೆಗಳು: ‘ಕಾಫಿ ಹೂ ಯಾವಾಗ ಸಾರ್? ಶನಿವಾರ ಬಂದರೆ ಸಿಗುತ್ತಾ?’ ತೋಟ ತೋರಿಸುವವರನ್ನು ಇಷ್ಟು ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ ಇನ್ನೊಂದಿಲ್ಲ. ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಧ್ರುವಪ್ರಭೆ ತೋರಿಸುವ ಗೈಡುಗಳು ಮೋಡ ಸರಿದ ಕಡೆಗೆ ರಾತ್ರಿಯಿಡೀ ವ್ಯಾನು ಓಡಿಸುತ್ತಾರೆ. ಕೊಡಗಿನ ಗೈಡು ನಂಬುವುದು ತೋಟದ ಮಳೆಮಾಪಕವನ್ನು.

ಇಲ್ಲಿ ಮಳೆಯ ಮಾತೆಲ್ಲ ಇಂಚು, ಸೆಂಟುಗಳಲ್ಲೇ. 100 ಸೆಂಟಿಗೆ ಒಂದು ಇಂಚು, ಅಂದರೆ ಸುಮಾರು 25 ಮಿ.ಮೀ. ಮಳೆಗಾಲ ಕಳೆದ ಮೇಲೆ ರೆಂಬೆಯ ಗಿಣ್ಣುಗಳಲ್ಲಿ ಮೂಡಿದ ಮೊಗ್ಗು ಒಣಹವೆಯಲ್ಲಿ ಬೆಳೆಯದೆ ಹಾಗೇ ನಿಂತಿರುತ್ತದೆ. ಇಂಚಿನಷ್ಟು ಹೂಮಳೆ ಬಿದ್ದರೆ 7ರಿಂದ 10 ದಿನಕ್ಕೆ ತೋಟವಿಡೀ ಬೆಳ್ಳಗೆ, ಮಲ್ಲಿಗೆಯಂಥ ಘಮ. ಎರಡು–ಮೂರು ದಿನ ಕಳೆದರೆ ಎಸಳು ಕಂದಿ ಉದುರುತ್ತದೆ. ಹತ್ತಿಪ್ಪತ್ತು ಸೆಂಟು ಹನಿದು ಮಳೆ ಕೈಕೊಟ್ಟರೆ ಮೊಗ್ಗು ಅರೆಬರೆ ಅರಳುತ್ತದೆ. ಆಗ ಪ್ರವಾಸಿಗೆ ಫೋಟೊ ಇಲ್ಲ, ಬೆಳೆಗಾರನಿಗೆ ಫಸಲಿಲ್ಲ.

ಹೂಮಳೆ ಊರೂರಿಗೆ ಬೇರೆ. ಅಮ್ಮತ್ತಿಯಲ್ಲಿ ಗುಡುಗಿ ಸುರಿದ ಸಂಜೆ ಸಿದ್ದಾಪುರದಲ್ಲಿ ಧೂಳೂ ಅಡಗದಿರಬಹುದು. ಅದಕ್ಕೇ ಅನುಭವಿ ಗೈಡು ಒಂದೇ ತೋಟವನ್ನು ನೆಚ್ಚಿ ಕೂರುವುದಿಲ್ಲ. ಯಾವ ಕಡೆ ಎಷ್ಟು ಸೆಂಟು ಎಂದು ತೋಟಗಳ ಲೆಕ್ಕ ಬರೆಯುವ ರೈಟರ್‌ಗಳಿಂದ ಫೋನಿನಲ್ಲೇ ತಿಳಿದು ದಿನ ಎಣಿಸುತ್ತಾನೆ. ದಕ್ಷಿಣದ ರೋಬಸ್ಟಾ ತಪ್ಪಿದರೆ, ತಡವಾಗಿ ಅರಳುವ ಸೋಮವಾರಪೇಟೆ, ಮಾದಾಪುರ ಕಡೆಯ ಅರೇಬಿಕಾ ಇದೆ. ಕೆರೆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾಯಿಸುವ ರೋಬಸ್ಟಾ ತೋಟಗಳಲ್ಲಂತೂ ಹೂವಿನ ದಿನವನ್ನು ಹೆಚ್ಚುಕಮ್ಮಿ ಮೊದಲೇ ಹೇಳಬಹುದು.

ಆದರೆ ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಈ ಜಿಲ್ಲೆಯಲ್ಲಿ ಹೂವು ಮೊದಲು ಬೆಳೆ, ಆಮೇಲೆ ನೋಟ. ರೋಬಸ್ಟಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ; ಬೇರೆ ಗಿಡದ ಪರಾಗವನ್ನು ಗಾಳಿಯೋ ಹೆಜ್ಜೇನೋ ತುಡುವೆಯೋ ತರಬೇಕು. ಹಾಗಾಗಿ ಹೂವಿನ ದಿನಗಳಲ್ಲಿ ಆಳುಗಳನ್ನೂ ಗಿಡಗಳ ನಡುವೆ ಬಿಡದ ತೋಟಗಳಿವೆ. ಪ್ರವಾಸಿಗರಿಗೂ ತೋಟದ ರಸ್ತೆಯೇ ಗಡಿ. ಸೆಲ್ಫಿಗೆಂದು ಒಂದು ರೆಂಬೆ ಎಳೆದರೂ ಉದುರುವುದು ಮುಂದಿನ ವರ್ಷದ ಕಾಫಿಯೇ.

ಇನ್ನು ಆನೆ. ಬೇಸಿಗೆಯಲ್ಲಿ ತೋಟದ ಕೆರೆಗಳಿಗೆ ನೀರಿಗಾಗಿ ಬರುವ ಕಾಡಾನೆಗಳು ಪಾಲಿಬೆಟ್ಟ, ಸಿದ್ದಾಪುರದ ಕಡೆ ತೋಟದಲ್ಲೇ ಬೀಡು ಬಿಡುವುದುಂಟು. ಮಂಜಿನಲ್ಲಿ ಹೂ ನೋಡುವ ಆಸೆ ಎಲ್ಲರಿಗೂ ಇದೆ. ಆದರೆ ಐದು ಗಂಟೆಯ ಮಬ್ಬಿನಲ್ಲಿ ನಾಲ್ಕು ಮಾರು ದೂರದ ಆನೆಯೂ ಕಾಣುವುದಿಲ್ಲ. ಬೆಳಕು ಹರಿದು, ಹಾದಿಯಲ್ಲಿ ಹಸಿ ಲದ್ದಿ ಇಲ್ಲವೆಂದು ಕಂಡ ಮೇಲೇ ಗೈಡು ಹೊರಡಿಸಬೇಕು.

ಹೂಮಳೆ ಎಲ್ಲರಿಗೂ ಹಬ್ಬವಲ್ಲ. ರೋಬಸ್ಟಾ ಕೊಯ್ಲು ಮುಗಿಯುವ ಮೊದಲೇ ಸುರಿದರೆ ಒಂದೇ ರೆಂಬೆಯಲ್ಲಿ ಹಣ್ಣೂ ಹೂವೂ. ಹಣ್ಣಿಗೆ ಕೈ ಹಾಕಿದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ. ಕಣದಲ್ಲಿ ಹರವಿದ ಕಾಫಿಗೆ ಟಾರ್ಪಾಲು ಹೊದಿಸಲು ರಾತ್ರೋರಾತ್ರಿ ಓಡಾಟ. ಹೂವಾದ ಮೇಲೂ ಕಾಯಿ ನಿಲ್ಲಲು ‘ಬ್ಯಾಕಿಂಗ್’ ಮಳೆ ಬರಬೇಕು. ಇದನ್ನೆಲ್ಲ ಹೇಳುವ ಗೈಡು ಸಿಕ್ಕರೆ ಹೂವಿಲ್ಲದ ದಿನದ ಸುತ್ತಾಟವೂ ದಂಡವಲ್ಲ.

ಹೂ ಗ್ಯಾರಂಟಿ ಎನ್ನುವ ವಾರಾಂತ್ಯದ ಪ್ಯಾಕೇಜ್ ಕಂಡರೆ ಮುಂಗಡ ಕಟ್ಟುವ ಮೊದಲು ಒಂದು ಮಾತು ಕೇಳಿ: ನಿಮ್ಮ ತೋಟಕ್ಕೆ ನೀರು ಬಿದ್ದದ್ದು ಎಂದು, ಎಷ್ಟು ಸೆಂಟು? ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.